ಬ್ಯಾಟರಿಯ ನಿಜವಾದ ಸಾಮರ್ಥ್ಯ: ಎರಡೇ ಅಳತೆಗಳಿಂದ ಅಂದಾಜು ಮಾಡುವ ಬಗೆ

ಇಂದು ಇನ್ವರ್ಟರ್ ಅಥವಾ ಯು.ಪಿ.ಎಸ್. ಇಲ್ಲದ ಅಂಗಡಿ, ಕಚೇರಿ ಇಲ್ಲವೇ ಸಣ್ಣ ಕಾರ್ಖಾನೆಯನ್ನು ಕಾಣುವುದು ವಿರಳ. ವಿದ್ಯುತ್ ಕಡಿತದ ವೇಳೆಯಲ್ಲಿ ಬಿಲ್ಲಿಂಗ್ ಯಂತ್ರ, ಕಂಪ್ಯೂಟರ್, ದೀಪ ಮತ್ತು ಫ್ಯಾನುಗಳು ನಡೆಯುವುದು ಅದರ ಬ್ಯಾಟರಿಯ ಬಲದಿಂದ. ಇಷ್ಟಾದರೂ ಬ್ಯಾಟರಿಯನ್ನು ಕೊಳ್ಳುವಾಗ ಹಾಗೂ ಬದಲಾಯಿಸುವಾಗ ಬಹುತೇಕ ಉದ್ಯಮಿಗಳು ಆಧರಿಸುವುದು ಎರಡೇ ಸಂಗತಿಗಳನ್ನು: ಬ್ಯಾಟರಿಯ ಮೇಲೆ ಅಚ್ಚಾಗಿರುವ ಅಂಕಿ ಮತ್ತು ಮಾರಾಟಗಾರನ ಮಾತು. 150 ಆಂಪಿಯರ್-ಅವರ್ ಎಂದು ಬರೆದಿರುವ ಬ್ಯಾಟರಿಯು ಲೆಕ್ಕದ ಪ್ರಕಾರ ನಾಲ್ಕು ಗಂಟೆ ನಡೆಯಬೇಕು, ಆದರೆ ಎರಡೂವರೆ ಗಂಟೆಗೇ ಇನ್ವರ್ಟರ್ ಕೂಗಿಕೊಂಡಿತು ಎಂಬ ದೂರು ಸಾಮಾನ್ಯ. ಇಂತಹ ಸಂದರ್ಭದಲ್ಲಿ ಒಳ್ಳೆಯ ಬ್ಯಾಟರಿಯೇ ಗುಜರಿಗೆ ಹೋಗುವುದುಂಟು. ಇದಕ್ಕೆ ವಿರುದ್ಧವಾಗಿ, ಸವೆದುಹೋದ ಬ್ಯಾಟರಿಯನ್ನು ಸರಿಯಾಗಿದೆಯೆಂದು ನಂಬಿ, ಅತಿ ಅಗತ್ಯದ ದಿನ ಕೈಕೊಟ್ಟಾಗ ನಷ್ಟ ಅನುಭವಿಸುವುದೂ ಉಂಟು.

ಈ ಎರಡೂ ನಷ್ಟಗಳನ್ನು ತಪ್ಪಿಸಲು ಪ್ರಯೋಗಾಲಯದ ಅವಶ್ಯಕತೆಯಿಲ್ಲ. ಒಂದು ಮಲ್ಟಿಮೀಟರ್, ನೇರ ವಿದ್ಯುತ್ತನ್ನು ಅಳೆಯಬಲ್ಲ ಒಂದು ಕ್ಲ್ಯಾಂಪ್ ಮೀಟರ್, ಒಂದು ಗಡಿಯಾರ ಮತ್ತು ಎರಡು ರಜಾದಿನಗಳಿದ್ದರೆ ಬ್ಯಾಟರಿಯ ನಿಜವಾದ ಸಾಮರ್ಥ್ಯವನ್ನು ವ್ಯವಹಾರಕ್ಕೆ ಸಾಕಾಗುವಷ್ಟು ನಿಖರವಾಗಿ ಅಂದಾಜು ಮಾಡಬಹುದು. ಆ ವಿಧಾನವನ್ನೂ ಅದರ ಮಿತಿಗಳನ್ನೂ ಇಲ್ಲಿ ವಿವರಿಸಲಾಗಿದೆ. ಇಲ್ಲಿನ ವಿವರಣೆಯು ಮುಖ್ಯವಾಗಿ ನೀರು ತುಂಬುವ ಸೀಸ-ಆಮ್ಲ ಬ್ಯಾಟರಿಗಳಿಗೆ ಸಂಬಂಧಿಸಿದ್ದು.

ಅಂಕಿಯ ಅರ್ಥ

ಆಂಪಿಯರ್-ಅವರ್ ಎಂದರೆ ಬ್ಯಾಟರಿಯಿಂದ ಪಡೆದ ವಿದ್ಯುತ್ ಪ್ರವಾಹವನ್ನು ಅದು ಹರಿದ ಗಂಟೆಗಳಿಂದ ಗುಣಿಸಿ ಬರುವ ಮೊತ್ತ. 10 ಆಂಪಿಯರ್ ಪ್ರವಾಹ 5 ಗಂಟೆ ಹರಿದರೆ ಅದು 50 ಆಂಪಿಯರ್-ಅವರ್. ಇಷ್ಟು ಎಲ್ಲರಿಗೂ ತಿಳಿದ ವಿಷಯ. ಆದರೆ ಬ್ಯಾಟರಿಯ ಮೇಲಿನ ಅಂಕಿಯ ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ಸಿ20 ಅಥವಾ ಸಿ10 ಎಂದು ನಮೂದಾಗಿರುವುದನ್ನು ಅನೇಕರು ಗಮನಿಸುವುದಿಲ್ಲ. ಅಂಕಿಯ ಪೂರ್ಣ ಅರ್ಥ ಅಡಗಿರುವುದು ಅಲ್ಲಿಯೇ.

ಸಿ20 ಎಂದರೆ 20 ಗಂಟೆಗಳಲ್ಲಿ ಬರಿದಾಗುವಂತೆ ನಿಧಾನವಾಗಿ ಬಳಸಿದಾಗ ದೊರೆಯುವ ಸಾಮರ್ಥ್ಯ. 150 ಆಂಪಿಯರ್-ಅವರ್ ಸಿ20 ಎಂದು ನಮೂದಾಗಿರುವ ಬ್ಯಾಟರಿಯು 7.5 ಆಂಪಿಯರ್ ಪ್ರವಾಹವನ್ನು 20 ಗಂಟೆ ಕಾಲ ಕೊಡಬಲ್ಲದು ಎಂಬುದಷ್ಟೇ ತಯಾರಕರ ಭರವಸೆ. ಅದನ್ನು 37.5 ಆಂಪಿಯರಿನಲ್ಲಿ ಬಳಸಿದರೆ 4 ಗಂಟೆ ಬರುತ್ತದೆ ಎಂದು ತಯಾರಕರು ಎಲ್ಲಿಯೂ ಹೇಳಿಲ್ಲ. ಆ ಭಾಗಾಕಾರವನ್ನು ಮಾಡಿಕೊಂಡವರು ಗ್ರಾಹಕರು.

ಸಿ10 ಎಂಬುದು 10 ಗಂಟೆಗಳ ಲೆಕ್ಕ. ಟ್ಯೂಬುಲರ್ ಮಾದರಿಯ ಸ್ಥಿರ ಬ್ಯಾಟರಿಗಳಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 1651 ಸಾಮರ್ಥ್ಯವನ್ನು 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 10 ಗಂಟೆಗಳ ದರದಲ್ಲಿ ಗಣಿಸುತ್ತದೆ. ಆದ್ದರಿಂದ ಒಂದು ಬ್ಯಾಟರಿಯ ಸಿ20 ಅಂಕಿಯನ್ನು ಇನ್ನೊಂದರ ಸಿ10 ಅಂಕಿಯೊಂದಿಗೆ ನೇರವಾಗಿ ಹೋಲಿಸುವುದು ಕಿಲೋವನ್ನು ಪೌಂಡಿನೊಂದಿಗೆ ಹೋಲಿಸಿದಂತೆ. 135 ಸಿ10 ಎಂದು ಬರೆದಿರುವ ಬ್ಯಾಟರಿಯು 150 ಸಿ20 ಎಂದು ಬರೆದಿರುವುದಕ್ಕಿಂತ ದೊಡ್ಡದಾಗಿರಬಹುದು.

ವೇಗ ಹೆಚ್ಚಿದಂತೆ ಸಾಮರ್ಥ್ಯ ಕುಗ್ಗುವುದೇಕೆ?

ಬ್ಯಾಟರಿಯನ್ನು ಬಳಸುವಾಗ ಸೀಸದ ಫಲಕಗಳು ಗಂಧಕಾಮ್ಲದೊಂದಿಗೆ ವರ್ತಿಸಿ ಸೀಸದ ಸಲ್ಫೇಟ್ ಆಗಿ ಮಾರ್ಪಡುತ್ತವೆ. ಆಮ್ಲವು ತೆಳುವಾಗುತ್ತಾ ಹೋಗುತ್ತದೆ. ಈ ಕ್ರಿಯೆ ನಡೆಯುವುದು ಫಲಕಗಳ ಸೂಕ್ಷ್ಮ ರಂಧ್ರಗಳ ಒಳಗೆ. ನಿಧಾನವಾಗಿ ಬಳಸಿದಾಗ ಹೊರಗಿನ ಗಟ್ಟಿ ಆಮ್ಲವು ರಂಧ್ರಗಳೊಳಕ್ಕೆ ಇಳಿಯಲು ಸಮಯ ದೊರೆಯುತ್ತದೆ. ಭಾರಿ ಪ್ರವಾಹದಲ್ಲಿ ಬಳಸಿದಾಗ ರಂಧ್ರಗಳ ಒಳಗಿನ ಆಮ್ಲವು ಬೇಗನೆ ಮುಗಿದು, ಹೊರಗಿನದು ಬರುವಷ್ಟರಲ್ಲಿ ವೋಲ್ಟೇಜ್ ಕುಸಿಯುತ್ತದೆ. ಮೇಲ್ಮೈಯಲ್ಲಿ ಕಟ್ಟಿದ ಸಲ್ಫೇಟ್ ಒಳದಾರಿಯನ್ನು ಇನ್ನಷ್ಟು ಕಿರಿದಾಗಿಸುತ್ತದೆ. ಜೊತೆಗೆ, ಪ್ರವಾಹ ಹೆಚ್ಚಿದಷ್ಟೂ ಬ್ಯಾಟರಿಯ ಒಳರೋಧದಲ್ಲಿ ವ್ಯರ್ಥವಾಗುವ ವೋಲ್ಟೇಜ್ ಹೆಚ್ಚುತ್ತದೆ.

ಜೋರಾಗಿ ಪಂಪು ಹಾಕಿದ ಬಾವಿಯ ಸ್ಥಿತಿಯೂ ಇದೇ. ಒರತೆ ಬರುವುದಕ್ಕಿಂತ ವೇಗವಾಗಿ ನೀರೆತ್ತಿದರೆ ಬಾವಿ ಬತ್ತಿದಂತೆ ಕಾಣುತ್ತದೆ. ಒಂದೆರಡು ಗಂಟೆ ಬಿಟ್ಟರೆ ಮತ್ತೆ ನೀರು ಕೂಡುತ್ತದೆ. ಬರಿದಾಯಿತೆಂದು ನಿಂತ ಬ್ಯಾಟರಿಯು ಸ್ವಲ್ಪ ಹೊತ್ತಿನ ವಿಶ್ರಾಂತಿಯ ನಂತರ ಮತ್ತೆ ಕೆಲವು ನಿಮಿಷ ದೀಪ ಬೆಳಗಿಸುವುದು ಇದೇ ಕಾರಣದಿಂದ.

ಈ ವರ್ತನೆಯನ್ನು ಜರ್ಮನಿಯ ವಿಜ್ಞಾನಿ ವಿಲ್ಹೆಲ್ಮ್ ಪ್ಯೂಕರ್ಟ್ 1897ರಲ್ಲಿ ಒಂದು ಸರಳ ಸೂತ್ರದ ರೂಪದಲ್ಲಿ ನಿರೂಪಿಸಿದರು. ಪ್ರವಾಹವನ್ನು ಒಂದು ನಿರ್ದಿಷ್ಟ ಘಾತಕ್ಕೇರಿಸಿ, ಅದನ್ನು ಬ್ಯಾಟರಿ ನಡೆಯುವ ಅವಧಿಯಿಂದ ಗುಣಿಸಿದರೆ ಬರುವ ಮೊತ್ತವು ಆ ಬ್ಯಾಟರಿಗೆ ಸ್ಥಿರವಾಗಿರುತ್ತದೆ ಎಂಬುದು ಅದರ ಸಾರ. ಘಾತವು 1 ಆಗಿದ್ದರೆ ಸಾಧಾರಣ ಭಾಗಾಕಾರವೇ ಸಾಕಾಗುತ್ತಿತ್ತು. ಸೀಸ-ಆಮ್ಲ ಬ್ಯಾಟರಿಗಳಲ್ಲಿ ಅದು ಸಾಮಾನ್ಯವಾಗಿ 1.1ರಿಂದ 1.4ರ ಆಸುಪಾಸಿನಲ್ಲಿರುತ್ತದೆ, ಫಲಕಗಳ ವಿನ್ಯಾಸ ಮತ್ತು ಬ್ಯಾಟರಿಯ ವಯಸ್ಸಿಗೆ ಅನುಗುಣವಾಗಿ ಬದಲಾಗುತ್ತದೆ.

ಐಎಸ್ 1651 ಮಾನಕದ ಪಟ್ಟಿಯೂ ಇದನ್ನೇ ಹೇಳುತ್ತದೆ. 10 ಗಂಟೆಗಳ ಸಾಮರ್ಥ್ಯವನ್ನು 100 ಎಂದಿಟ್ಟರೆ, 5 ಗಂಟೆಗಳಲ್ಲಿ ಬರಿದು ಮಾಡಿದಾಗ 83.3, 3 ಗಂಟೆಗಳಲ್ಲಿ 71.7 ಹಾಗೂ ಒಂದೇ ಗಂಟೆಯಲ್ಲಿ ಬರಿದು ಮಾಡಿದಾಗ 50 ಭಾಗ ಮಾತ್ರ ದೊರೆಯುತ್ತದೆ. ಈ ಅಂಕಿಗಳಿಂದ ಘಾತವನ್ನು ಲೆಕ್ಕ ಹಾಕಿದರೆ ಅದು 1.36ರಿಂದ 1.43ರವರೆಗೆ ಬರುತ್ತದೆ. ಬೇರೆ ವಿನ್ಯಾಸದ ಬ್ಯಾಟರಿಯಲ್ಲಿ ಅದು 1.2 ಇರಬಹುದು. ತಮ್ಮ ಬ್ಯಾಟರಿಯ ಘಾತ ಎಷ್ಟೆಂಬುದನ್ನು ಅಳೆದು ತಿಳಿಯಬೇಕೇ ಹೊರತು ಊಹಿಸಬಾರದು ಎಂಬುದಕ್ಕೆ ಇದೇ ಕಾರಣ.

ಕೆರೆಯ ಮಟ್ಟ ಮತ್ತು ಕೆರೆಯ ಹೂಳು

ಬ್ಯಾಟರಿ ಪರೀಕ್ಷಿಸಲು ಬಂದ ಮೆಕ್ಯಾನಿಕ್ ಸಾಮಾನ್ಯವಾಗಿ ಮೊದಲು ನೋಡುವುದು ವೋಲ್ಟೇಜ್ ಮತ್ತು ಹೈಡ್ರೋಮೀಟರಿನ ಮೂಲಕ ಆಮ್ಲದ ಸಾಪೇಕ್ಷ ಸಾಂದ್ರತೆ, ಅಂದರೆ ಗ್ರಾವಿಟಿ. ಇವೆರಡೂ ಉಪಯುಕ್ತ ಅಳತೆಗಳೇ. ಆದರೆ ಅವು ಹೇಳುವುದು ಬ್ಯಾಟರಿ ಎಷ್ಟು ಚಾರ್ಜ್ ಆಗಿದೆ ಎಂಬುದನ್ನು ಮಾತ್ರ; ಬ್ಯಾಟರಿಯಲ್ಲಿ ಒಟ್ಟು ಎಷ್ಟು ಹಿಡಿಸುತ್ತದೆ ಎಂಬುದನ್ನಲ್ಲ.

ಹೂಳು ತುಂಬಿದ ಕೆರೆಯೂ ಮಳೆಗಾಲದಲ್ಲಿ ಕೋಡಿ ಬೀಳುತ್ತದೆ. ದಡದಲ್ಲಿ ನಿಂತು ಮಟ್ಟ ನೋಡಿದವರಿಗೆ ಕೆರೆ ತುಂಬಿದೆ. ಆದರೆ ಮೊದಲು ಮೂರು ತಿಂಗಳು ಬರುತ್ತಿದ್ದ ನೀರು ಈಗ ಒಂದೇ ತಿಂಗಳಿಗೆ ಮುಗಿಯುತ್ತದೆ. ವೋಲ್ಟೇಜ್ ಎಂಬುದು ನೀರಿನ ಮಟ್ಟ. ಸಾಮರ್ಥ್ಯ ಎಂಬುದು ಕೆರೆಯ ಒಡಲು. ಫಲಕಗಳಿಂದ ಉದುರಿದ ಪುಡಿ ಮತ್ತು ಗಟ್ಟಿಯಾಗಿ ಕುಳಿತ ಸಲ್ಫೇಟ್ ಇಲ್ಲಿ ಹೂಳಿನ ಸ್ಥಾನದಲ್ಲಿವೆ.

ಮಟ್ಟವನ್ನು ಓದುವಾಗಲೂ ಎಚ್ಚರ ಬೇಕು. ವಿಶ್ರಾಂತಿಯಲ್ಲಿರುವ ಒಂದು ಕೋಶದ ವೋಲ್ಟೇಜ್ ಸುಮಾರಾಗಿ ಗ್ರಾವಿಟಿಗೆ 0.84 ಸೇರಿಸಿದಷ್ಟು ಇರುತ್ತದೆ. ಪೂರ್ಣ ಚಾರ್ಜಿನಲ್ಲಿ 1.265ರ ಸುಮಾರಿನ ಗ್ರಾವಿಟಿಯುಳ್ಳ ವಾಹನದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. ಇನ್ವರ್ಟರಿಗೆ ಬಳಸುವ ಹಲವು ಟ್ಯೂಬುಲರ್ ಬ್ಯಾಟರಿಗಳ ಪೂರ್ಣ ಗ್ರಾವಿಟಿ 1.240 ಮಾತ್ರ; ಅವು ಪೂರ್ಣ ಚಾರ್ಜಿನಲ್ಲಿಯೂ 12.5 ವೋಲ್ಟ್ ಆಸುಪಾಸಿನಲ್ಲಿ ನಿಲ್ಲುತ್ತವೆ. ವಾಹನದ ಬ್ಯಾಟರಿಯ ಪಟ್ಟಿಯನ್ನು ಹಿಡಿದು ಇವನ್ನು ಅಳೆದರೆ ತುಂಬಿದ ಬ್ಯಾಟರಿಯೂ ಅರೆಬರೆ ತುಂಬಿದಂತೆ ಕಾಣುತ್ತದೆ. ಅಲ್ಲದೆ ಚಾರ್ಜರ್ ಕಳಚಿದ ಕೂಡಲೇ ನೋಡಿದ ವೋಲ್ಟೇಜ್ ವಾಸ್ತವಕ್ಕಿಂತ ಹೆಚ್ಚಿರುತ್ತದೆ. ಕೆಲವು ಗಂಟೆಗಳ ವಿಶ್ರಾಂತಿಯ ನಂತರದ ಅಳತೆಯೇ ನಂಬಲರ್ಹ.

ಕೆಲವು ಸೆಕೆಂಡುಗಳ ಕಾಲ ಭಾರಿ ಪ್ರವಾಹ ಹರಿಸಿ ನೋಡುವ ಟೆಸ್ಟರುಗಳು ವಾಹನವನ್ನು ಸ್ಟಾರ್ಟ್ ಮಾಡುವ ಶಕ್ತಿಯನ್ನು ಪರೀಕ್ಷಿಸಲು ತಕ್ಕವು. ಮೂರು ಗಂಟೆ ಅಂಗಡಿ ನಡೆಸಬೇಕಾದ ಬ್ಯಾಟರಿಯ ಬಗ್ಗೆ ಅವು ಅಂತಿಮ ತೀರ್ಪು ಕೊಡಲಾರವು.

ಎರಡು ದಿನಗಳ ಪರೀಕ್ಷೆ

ಒಂದು ಪ್ರವಾಹದಲ್ಲಿ ಒಮ್ಮೆ, ಅದರ ಎರಡರಷ್ಟು ಪ್ರವಾಹದಲ್ಲಿ ಇನ್ನೊಮ್ಮೆ ಬ್ಯಾಟರಿಯನ್ನು ನಿಗದಿತ ಕೊನೆಯ ವೋಲ್ಟೇಜಿನವರೆಗೆ ಬಳಸಿ, ಹಿಡಿದ ಸಮಯವನ್ನು ಬರೆದುಕೊಳ್ಳುವುದೇ ಈ ಪರೀಕ್ಷೆಯ ತಿರುಳು. 12 ವೋಲ್ಟ್ ಬ್ಯಾಟರಿಗೆ ಕೊನೆಯ ವೋಲ್ಟೇಜ್ ಸಾಮಾನ್ಯವಾಗಿ 10.5, ಅಂದರೆ ಕೋಶವೊಂದಕ್ಕೆ 1.75 ವೋಲ್ಟ್. ತಯಾರಕರು ಬೇರೆ ಅಂಕಿ ಸೂಚಿಸಿದ್ದರೆ ಅದನ್ನೇ ಪಾಲಿಸತಕ್ಕದ್ದು. ಎರಡೂ ದಿನ ಕೊನೆಯ ವೋಲ್ಟೇಜ್ ಒಂದೇ ಆಗಿರಬೇಕು.

ಹೊರೆಯಾಗಿ 12 ವೋಲ್ಟಿನ 55 ವ್ಯಾಟ್ ಹೆಡ್‌ಲೈಟ್ ಬಲ್ಬುಗಳು ಅನುಕೂಲಕರ. ನಾಲ್ಕು ಬಲ್ಬುಗಳು ಸುಮಾರು 18 ಆಂಪಿಯರ್, ಎಂಟು ಬಲ್ಬುಗಳು ಸುಮಾರು 36 ಆಂಪಿಯರ್ ಎಳೆಯುತ್ತವೆ. ಪರೀಕ್ಷೆಯ ಕ್ರಮ ಹೀಗಿದೆ:

1. ಬ್ಯಾಟರಿಗೆ ಅಗತ್ಯವಿದ್ದಷ್ಟು ಡಿಸ್ಟಿಲ್ಡ್ ವಾಟರ್ ಹಾಕಿ, ಪೂರ್ಣವಾಗಿ ಚಾರ್ಜ್ ಮಾಡಬೇಕು. ಗ್ರಾವಿಟಿಯು ಸತತವಾಗಿ ಎರಡು ಮೂರು ಗಂಟೆ ಏರದೆ ನಿಂತರೆ ಪೂರ್ಣ ಚಾರ್ಜ್ ಆಗಿದೆಯೆಂದು ತಿಳಿಯಬಹುದು.

2. ನಾಲ್ಕಾರು ಗಂಟೆ ವಿಶ್ರಾಂತಿ ಕೊಟ್ಟು, ವೋಲ್ಟೇಜ್, ಪ್ರತಿ ಕೋಶದ ಗ್ರಾವಿಟಿ ಮತ್ತು ಉಷ್ಣತೆಯನ್ನು ಬರೆದುಕೊಳ್ಳಬೇಕು.

3. ಫ್ಯೂಸಿನ ಮೂಲಕ ಬಲ್ಬುಗಳನ್ನು ಜೋಡಿಸಿ ಸಮಯ ಗುರುತಿಸಬೇಕು. ಪ್ರತಿ ಅರ್ಧ ಗಂಟೆಗೊಮ್ಮೆ ಪ್ರವಾಹ ಮತ್ತು ವೋಲ್ಟೇಜನ್ನು ದಾಖಲಿಸಬೇಕು. ವೋಲ್ಟೇಜನ್ನು ಬ್ಯಾಟರಿಯ ತುದಿಗಳಲ್ಲಿಯೇ ಅಳೆಯಬೇಕು, ತಂತಿಯ ಕೊನೆಯಲ್ಲಲ್ಲ.

4. ವೋಲ್ಟೇಜ್ 11.3ಕ್ಕೆ ಇಳಿದ ನಂತರ ಐದು ನಿಮಿಷಕ್ಕೊಮ್ಮೆ ನೋಡಬೇಕು. ಬಹುಕಾಲ ನಿಧಾನವಾಗಿ ಇಳಿದ ವೋಲ್ಟೇಜ್ ಕೊನೆಯಲ್ಲಿ ಇಳಿಜಾರಿನಂತೆ ಕುಸಿಯುತ್ತದೆ. 10.5 ತಲುಪಿದ ಕ್ಷಣವೇ ಹೊರೆಯನ್ನು ಕಳಚಬೇಕು.

5. ತಡಮಾಡದೆ ಮರುಚಾರ್ಜ್ ಮಾಡಬೇಕು. ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಸಲ್ಫೇಟ್ ಗಟ್ಟಿಯಾಗಿ ಶಾಶ್ವತ ಹಾನಿಯಾಗುತ್ತದೆ. ಪೂರ್ಣ ಚಾರ್ಜ್ ಆದ ಬಳಿಕ ಇನ್ನೊಂದು ರಜಾದಿನ ಎರಡರಷ್ಟು ಬಲ್ಬುಗಳೊಂದಿಗೆ ಇದನ್ನೇ ಪುನರಾವರ್ತಿಸಬೇಕು.

ಸುರಕ್ಷತೆಯ ಬಗ್ಗೆ ಒಂದು ಮಾತು. ಚಾರ್ಜ್ ಆಗುವ ಬ್ಯಾಟರಿಯಿಂದ ಜಲಜನಕ ಅನಿಲ ಹೊರಬರುತ್ತದೆ. ಕಿಡಿ ತಗುಲಿದರೆ ಸ್ಫೋಟಿಸಬಹುದು. ಗಾಳಿಯಾಡುವ ಸ್ಥಳ, ಕನ್ನಡಕ, ರಬ್ಬರ್ ಕೈಗವಸು ಮತ್ತು 36 ಆಂಪಿಯರ್ ತಾಳುವ ದಪ್ಪ ತಂತಿ ಕಡ್ಡಾಯ. ಕೈಯ ಉಂಗುರ, ಬಳೆ, ಲೋಹದ ಗಡಿಯಾರಗಳನ್ನು ತೆಗೆದಿಡಬೇಕು. ಬಲ್ಬುಗಳು ಬಹಳ ಬಿಸಿಯಾಗುವುದರಿಂದ ಅವನ್ನು ಲೋಹದ ಪಟ್ಟಿಗೆ ಬಿಗಿದು, ಕಾಗದ, ಬಟ್ಟೆಗಳಿಂದ ದೂರವಿರಿಸಬೇಕು. ಅನುಭವವಿಲ್ಲದವರು ಎಲೆಕ್ಟ್ರಿಷಿಯನ್ ನೆರವು ಪಡೆಯುವುದು ಕ್ಷೇಮ.

ಲೆಕ್ಕದ ಕ್ರಮ

ಉದಾಹರಣೆಗೆ, ಒಂದು ಸಣ್ಣ ಡಿ.ಟಿ.ಪಿ. ಮತ್ತು ಮುದ್ರಣ ಕೇಂದ್ರದಲ್ಲಿ 150 ಆಂಪಿಯರ್-ಅವರ್ ಸಿ20 ಬ್ಯಾಟರಿ ಇದೆಯೆಂದು ಭಾವಿಸಬಹುದು. ಮೂರು ವರ್ಷ ಬಳಕೆಯಾಗಿದೆ. ಹೊರೆ ಸುಮಾರು 360 ವ್ಯಾಟ್. ಇನ್ವರ್ಟರಿನಲ್ಲಿ ವ್ಯರ್ಥವಾಗುವ ಅಂಶವನ್ನು ಸೇರಿಸಿದರೆ, 12 ವೋಲ್ಟ್ ವ್ಯವಸ್ಥೆಯಲ್ಲಿ ಹೊರೆಯ ವ್ಯಾಟನ್ನು 10ರಿಂದ ಭಾಗಿಸಿದಾಗ ಬ್ಯಾಟರಿಯ ಪ್ರವಾಹ ಅಂದಾಜಾಗಿ ದೊರೆಯುತ್ತದೆ. ಇಲ್ಲಿ 36 ಆಂಪಿಯರ್. 150ನ್ನು 36ರಿಂದ ಭಾಗಿಸಿದ ಮಾಲೀಕರ ನಿರೀಕ್ಷೆ 4 ಗಂಟೆ 10 ನಿಮಿಷ. ಸಿಗುತ್ತಿರುವುದು 2 ಗಂಟೆ 24 ನಿಮಿಷ. ಈ ಲೆಕ್ಕದಲ್ಲಿ ಬ್ಯಾಟರಿಯು ತನ್ನ ಸಾಮರ್ಥ್ಯದ ಶೇಕಡಾ 58ಕ್ಕೆ ಇಳಿದಿದೆ; ಬದಲಾಯಿಸುವುದೇ ಸರಿ ಎಂದು ಯಾರಾದರೂ ಹೇಳಬಹುದು.

ಈಗ ಎರಡು ಪರೀಕ್ಷೆಗಳ ಫಲಿತಾಂಶವನ್ನು ನೋಡಬೇಕು. 18 ಆಂಪಿಯರಿನಲ್ಲಿ ಬ್ಯಾಟರಿಯು 5 ಗಂಟೆ 43 ನಿಮಿಷ, ಅಂದರೆ 343 ನಿಮಿಷ ನಡೆಯಿತು. 36 ಆಂಪಿಯರಿನಲ್ಲಿ 144 ನಿಮಿಷ ನಡೆಯಿತು.

ಮೊದಲ ಹೆಜ್ಜೆ, ಘಾತವನ್ನು ಕಂಡುಹಿಡಿಯುವುದು. ಪ್ರವಾಹ ಎರಡರಷ್ಟಾದಾಗ ಸಮಯವು ಮೊದಲಿನ ಶೇಕಡಾ ಎಷ್ಟಕ್ಕೆ ಇಳಿಯಿತು ಎಂಬುದೇ ಘಾತವನ್ನು ಹೇಳುತ್ತದೆ:

ಶೇಕಡಾ 45ಕ್ಕೆ ಇಳಿದರೆ – ಘಾತ 1.15
ಶೇಕಡಾ 42ಕ್ಕೆ ಇಳಿದರೆ – ಘಾತ 1.25
ಶೇಕಡಾ 39ಕ್ಕೆ ಇಳಿದರೆ – ಘಾತ 1.35

144ನ್ನು 343ರಿಂದ ಭಾಗಿಸಿದರೆ 0.42. ಆದ್ದರಿಂದ ಈ ಬ್ಯಾಟರಿಯ ಘಾತ 1.25. ಈ ಅಂಕಿಗಳು ಒಂದಕ್ಕೊಂದು ಬಹಳ ಹತ್ತಿರವಿರುವುದರಿಂದ ಸಮಯವನ್ನು ನಿಮಿಷದ ನಿಖರತೆಯಲ್ಲಿ ಬರೆಯುವುದು ಅಗತ್ಯ. ಪ್ರವಾಹವು ಸರಿಯಾಗಿ ಎರಡರಷ್ಟು ಆಗದಿದ್ದಲ್ಲಿ ಲಾಗರಿದಂ ಕೀಲಿಯುಳ್ಳ ಕ್ಯಾಲ್ಕುಲೇಟರನ್ನು ಬಳಸಬೇಕು: ಎರಡು ಸಮಯಗಳ ಅನುಪಾತದ ಲಾಗರಿದಂ ಅನ್ನು ಎರಡು ಪ್ರವಾಹಗಳ ಅನುಪಾತದ ಲಾಗರಿದಮಿನಿಂದ ಭಾಗಿಸಿದರೆ ಘಾತ ಬರುತ್ತದೆ.

ಎರಡನೆಯ ಹೆಜ್ಜೆ, ಸಿ20 ಸಾಮರ್ಥ್ಯವನ್ನು ಅಂದಾಜು ಮಾಡುವುದು. ಸಿ20 ಸಾಮರ್ಥ್ಯವನ್ನು 100 ಎಂದಿಟ್ಟಾಗ ವಿವಿಧ ಅವಧಿಗಳಲ್ಲಿ ದೊರೆಯುವ ಭಾಗ ಹೀಗಿರುತ್ತದೆ. ಪ್ರತಿ ಸಾಲಿನಲ್ಲಿ ಕ್ರಮವಾಗಿ 1.15, 1.25 ಮತ್ತು 1.35 ಘಾತಗಳಿಗೆ ಅಂಕಿ ಕೊಡಲಾಗಿದೆ:

10 ಗಂಟೆ – 91, 87, 84
7 ಗಂಟೆ – 87, 81, 76
5 ಗಂಟೆ – 83, 76, 70
4 ಗಂಟೆ – 81, 72, 66
3 ಗಂಟೆ – 78, 68, 61
2 ಗಂಟೆ – 74, 63, 55
1 ಗಂಟೆ – 68, 55, 46

ಮೊದಲ ಪರೀಕ್ಷೆಯಲ್ಲಿ ದೊರೆತದ್ದು 18 ಆಂಪಿಯರ್, 5.72 ಗಂಟೆ, ಅಂದರೆ 103 ಆಂಪಿಯರ್-ಅವರ್. ಪಟ್ಟಿಯ ನಡುವಿನ ಅಂಕಿಗಳಲ್ಲಿ 5 ಗಂಟೆಗೆ 76, 7 ಗಂಟೆಗೆ 81. ಇವುಗಳ ಮಧ್ಯೆ 5.72 ಗಂಟೆಗೆ ಸುಮಾರು 78. 103ನ್ನು 0.78ರಿಂದ ಭಾಗಿಸಿದರೆ 132. ಅಂದರೆ ಈ ಬ್ಯಾಟರಿಯ ಇಂದಿನ ಸಿ20 ಸಾಮರ್ಥ್ಯ ಸುಮಾರು 132 ಆಂಪಿಯರ್-ಅವರ್. ನಮೂದಿತ ಅಂಕಿಯ ಶೇಕಡಾ 88.

ಸ್ಥಿರ ಬ್ಯಾಟರಿಗಳ ವಿಷಯದಲ್ಲಿ ಸಾಮರ್ಥ್ಯವು ನಮೂದಿತ ಅಂಕಿಯ ಶೇಕಡಾ 80ಕ್ಕೆ ಇಳಿದಾಗ ಬದಲಾವಣೆಗೆ ಸಿದ್ಧತೆ ನಡೆಸುವುದು ವಾಡಿಕೆ. ಶೇಕಡಾ 58ರ ರೋಗಿಯಂತೆ ತೋರಿದ ಬ್ಯಾಟರಿಯು ವಾಸ್ತವವಾಗಿ ಶೇಕಡಾ 88ರ ಆರೋಗ್ಯದಲ್ಲಿದೆ. ಇದೇ ಘಾತವಿರುವ ಹೊಚ್ಚಹೊಸ 150ರ ಬ್ಯಾಟರಿಯನ್ನು ತಂದಿಟ್ಟರೂ 36 ಆಂಪಿಯರಿನಲ್ಲಿ ದೊರೆಯುವುದು 2 ಗಂಟೆ 49 ನಿಮಿಷ ಮಾತ್ರ. ಸಾವಿರಾರು ರೂಪಾಯಿ ತೆತ್ತು ಮಾಲೀಕರು ಪಡೆಯುತ್ತಿದ್ದದ್ದು ಹೆಚ್ಚುವರಿ 25 ನಿಮಿಷ. ಕೊರತೆ ಇದ್ದದ್ದು ಬ್ಯಾಟರಿಯಲ್ಲಲ್ಲ, ಮೊದಲ ದಿನದ ಭಾಗಾಕಾರದಲ್ಲಿ.

ಹೊರೆ ಕಡಿಮೆ ಮಾಡುವುದರ ಲಾಭ

ಇದೇ ಸೂತ್ರದಿಂದ ಇನ್ನೊಂದು ಪ್ರಯೋಜನವಿದೆ. ಘಾತ 1.25 ಆಗಿದ್ದಲ್ಲಿ ಲೆಕ್ಕಕ್ಕೆ ಅಂಗಡಿಯ ಸಾಧಾರಣ ಕ್ಯಾಲ್ಕುಲೇಟರೇ ಸಾಕು. ಯಾವುದೇ ಸಂಖ್ಯೆಯ ವರ್ಗಮೂಲದ ಕೀಲಿಯನ್ನು ಎರಡು ಬಾರಿ ಒತ್ತಿ, ಬಂದದ್ದನ್ನು ಮೂಲ ಸಂಖ್ಯೆಯಿಂದ ಗುಣಿಸಿದರೆ ಅದು 1.25ರ ಘಾತವಾಗುತ್ತದೆ.

ಮೇಲಿನ ಮುದ್ರಣ ಕೇಂದ್ರವು ವಿದ್ಯುತ್ ಹೋದಾಗ ಅನಗತ್ಯ ದೀಪ, ಯಂತ್ರಗಳನ್ನು ಆರಿಸಿ ಹೊರೆಯನ್ನು 250 ವ್ಯಾಟಿಗೆ, ಅಂದರೆ 25 ಆಂಪಿಯರಿಗೆ ಇಳಿಸಿತೆಂದು ಭಾವಿಸಬಹುದು. 18ನ್ನು 25ರಿಂದ ಭಾಗಿಸಿದರೆ 0.72. ಅದರ ವರ್ಗಮೂಲದ ವರ್ಗಮೂಲ 0.921. ಎರಡನ್ನೂ ಗುಣಿಸಿದರೆ 0.663. ಇದನ್ನು 343 ನಿಮಿಷಗಳಿಂದ ಗುಣಿಸಿದರೆ 227 ನಿಮಿಷ, ಅಂದರೆ 3 ಗಂಟೆ 47 ನಿಮಿಷ. ಹೊರೆ ಇಳಿದದ್ದು ಸುಮಾರು ಶೇಕಡಾ 30. ಸಮಯ ಹೆಚ್ಚಿದ್ದು ಸುಮಾರು ಶೇಕಡಾ 58. ಹೊಸ ಬ್ಯಾಟರಿ ಕೊಡಲಾಗದ ಲಾಭವನ್ನು ಎರಡು ಸ್ವಿಚ್ಚುಗಳು ಕೊಟ್ಟವು.

ಪೂರ್ಣ ಪರೀಕ್ಷೆಗೆ ಅವಕಾಶವಿಲ್ಲದಿದ್ದಲ್ಲಿ

ಬ್ಯಾಟರಿಯನ್ನು ಪೂರ್ಣವಾಗಿ ಬರಿದು ಮಾಡುವುದು ಅದರ ಆಯುಷ್ಯವನ್ನು ತುಸು ಸವೆಸುತ್ತದೆ. ಆದುದರಿಂದ ಇಂತಹ ಪರೀಕ್ಷೆಯನ್ನು ಹೊಸದಾಗಿ ತಂದಾಗ ಒಮ್ಮೆ, ನಂತರ ವರ್ಷಕ್ಕೊಮ್ಮೆ ಮಾಡಿದರೆ ಸಾಕು. ನಡುವೆ ಕಿರುಪರೀಕ್ಷೆಗಳನ್ನು ಮಾಡಬಹುದು. ಆದರೆ ಅವುಗಳ ಫಲಿತಾಂಶವನ್ನು ಅರ್ಥೈಸುವಾಗ ಒಂದು ಸಾಮಾನ್ಯ ತಪ್ಪು ನಡೆಯುತ್ತದೆ.

ಅರ್ಧ ಸಾಮರ್ಥ್ಯದಷ್ಟು ಬಳಸಿ, ಗ್ರಾವಿಟಿ ಎಷ್ಟು ಇಳಿಯಿತೆಂದು ನೋಡಿ, ಅದರಿಂದ ಪೂರ್ಣ ಸಾಮರ್ಥ್ಯವನ್ನು ಲೆಕ್ಕ ಹಾಕುವುದು ಸುಲಭವೆಂದು ತೋರುತ್ತದೆ. ಸೀಸ-ಆಮ್ಲ ಬ್ಯಾಟರಿಯಲ್ಲಿ ಇದು ದಾರಿ ತಪ್ಪಿಸುತ್ತದೆ. ಪ್ರತಿ ಆಂಪಿಯರ್-ಅವರಿಗೆ ಗ್ರಾವಿಟಿ ಎಷ್ಟು ಇಳಿಯಬೇಕೆಂಬುದನ್ನು ನಿರ್ಧರಿಸುವುದು ಡಬ್ಬಿಯೊಳಗಿನ ಆಮ್ಲದ ಪ್ರಮಾಣ, ಫಲಕಗಳ ಸ್ಥಿತಿಯಲ್ಲ. ಫಲಕಗಳು ಸವೆದಿದ್ದರೂ ಮೊದಲರ್ಧದಲ್ಲಿ ಗ್ರಾವಿಟಿ ಹೊಸ ಬ್ಯಾಟರಿಯಂತೆಯೇ ಇಳಿಯುತ್ತದೆ. ಆಮೇಲೆ ಆಮ್ಲ ಇನ್ನೂ ಗಟ್ಟಿಯಾಗಿರುವಾಗಲೇ ವೋಲ್ಟೇಜ್ ಹಠಾತ್ತನೆ ಕುಸಿಯುತ್ತದೆ.

ಕಿರುಪರೀಕ್ಷೆಯ ನಿಜವಾದ ಉಪಯೋಗವಿರುವುದು ಹೋಲಿಕೆಯಲ್ಲಿ. ಬ್ಯಾಟರಿ ಹೊಸದಾಗಿದ್ದಾಗ 36 ಆಂಪಿಯರಿನಲ್ಲಿ ಒಂದು ಗಂಟೆಯ ನಂತರ ವೋಲ್ಟೇಜ್ ಎಷ್ಟಿತ್ತೆಂಬ ದಾಖಲೆ ಇದ್ದರೆ, ಅದೇ ಹೊರೆ, ಅದೇ ಉಷ್ಣತೆ, ಅದೇ ಪೂರ್ಣ ಚಾರ್ಜಿನಲ್ಲಿ ಇಂದು ಎಷ್ಟಿದೆಯೆಂದು ನೋಡಬಹುದು. ಇಳಿಕೆ ಹೆಚ್ಚುತ್ತಿದ್ದರೆ ಪೂರ್ಣ ಪರೀಕ್ಷೆಯ ಕಾಲ ಬಂದಿದೆಯೆಂದು ತಿಳಿಯಬೇಕು. ಅಂತೆಯೇ ಒಳರೋಧವನ್ನೂ ಅಳೆಯಬಹುದು. 10 ಆಂಪಿಯರಿನಲ್ಲಿ 12.30 ವೋಲ್ಟ್ ಇದ್ದದ್ದು ಹೊರೆಯನ್ನು 30 ಆಂಪಿಯರಿಗೆ ಏರಿಸಿದ ಕೂಡಲೇ 12.10ಕ್ಕೆ ಇಳಿದರೆ, 0.20 ವೋಲ್ಟನ್ನು 20 ಆಂಪಿಯರಿನಿಂದ ಭಾಗಿಸಿ ಒಳರೋಧ 0.01 ಓಮ್ ಎಂದು ತಿಳಿಯುತ್ತದೆ. ಇದು ವರ್ಷದಿಂದ ವರ್ಷಕ್ಕೆ ಏರುವುದು ಎಚ್ಚರಿಕೆಯ ಗಂಟೆ. ಆದರೆ ಇದರಿಂದ ನೇರವಾಗಿ ಆಂಪಿಯರ್-ಅವರ್ ಹೇಳಲಾಗದು.

ಸಾಲಾಗಿ ಜೋಡಿಸಿದ ಹಲವು ಬ್ಯಾಟರಿಗಳಿದ್ದಲ್ಲಿ ಪರೀಕ್ಷೆಯ ವೇಳೆ ಪ್ರತಿಯೊಂದರ ವೋಲ್ಟೇಜನ್ನೂ ಪ್ರತ್ಯೇಕವಾಗಿ ದಾಖಲಿಸಬೇಕು. ಸಾಲಿನ ಸಾಮರ್ಥ್ಯವೆಂದರೆ ಅತ್ಯಂತ ದುರ್ಬಲ ಬ್ಯಾಟರಿಯ ಸಾಮರ್ಥ್ಯ. ಒಂದೇ ಬ್ಯಾಟರಿ ಬೇಗ ಕುಸಿದು ಉಳಿದವು ಗಟ್ಟಿಯಾಗಿ ನಿಂತಿದ್ದರೆ ಇಡೀ ಸಾಲನ್ನು ಗುಜರಿಗೆ ಹಾಕುವ ಮೊದಲು ಯೋಚಿಸಬೇಕು.

ಅಂದಾಜಿನ ಮಿತಿಗಳು

ಪ್ಯೂಕರ್ಟರ ಸೂತ್ರವು ಅನುಭವದಿಂದ ಬಂದ ನಿಯಮವೇ ಹೊರತು ಪ್ರಕೃತಿಯ ಶಾಸನವಲ್ಲ. ಪ್ರವಾಹ ಮತ್ತು ಉಷ್ಣತೆ ಸ್ಥಿರವಾಗಿರುವಾಗ ಮಾತ್ರ ಅದು ಸರಿಯಾಗಿ ಹೊಂದುತ್ತದೆ. ಅಳೆದ ಎರಡು ಪ್ರವಾಹಗಳ ನಡುವಿನ ಅಂದಾಜು ಹೆಚ್ಚು ನಂಬಲರ್ಹ. ಅವುಗಳಿಂದ ದೂರ ಹೋದಷ್ಟೂ ತಪ್ಪು ಹೆಚ್ಚುತ್ತದೆ. 18 ಆಂಪಿಯರಿನಿಂದ 20 ಗಂಟೆಗಳ ದರಕ್ಕೆ ಹಿಗ್ಗಿಸಿದ ಮೇಲಿನ 132 ಎಂಬ ಅಂಕಿಯನ್ನು ಕೆಲವು ಆಂಪಿಯರ್-ಅವರ್ ಹೆಚ್ಚು ಕಡಿಮೆಯೊಂದಿಗೆ ಸ್ವೀಕರಿಸಬೇಕು. ಶೇಕಡಾ 88 ಮತ್ತು 58ರ ನಡುವಿನ ವ್ಯತ್ಯಾಸವನ್ನು ತೋರಿಸಲು ಅದು ಧಾರಾಳವಾಗಿ ಸಾಕು. 88 ಮತ್ತು 86ರ ನಡುವೆ ತೀರ್ಪು ಕೊಡಲು ಸಾಲದು.

ಉಷ್ಣತೆಯನ್ನು ಮರೆಯುವಂತಿಲ್ಲ. 27 ಡಿಗ್ರಿಗಿಂತ ಪ್ರತಿ ಡಿಗ್ರಿ ಇಳಿದಂತೆ ಸಾಮರ್ಥ್ಯವು ಅಂದಾಜು ಶೇಕಡಾ ಅರ್ಧದಿಂದ ಒಂದರಷ್ಟು ಕುಗ್ಗುತ್ತದೆ. ಏರಿದಂತೆ ತುಸು ಹಿಗ್ಗುತ್ತದೆ. ಒಂದು ವರ್ಷ ಏಪ್ರಿಲ್‌ನಲ್ಲಿ, ಮರುವರ್ಷ ಡಿಸೆಂಬರ್‌ನಲ್ಲಿ ಪರೀಕ್ಷಿಸಿ ಹೋಲಿಸಿದರೆ ಹವೆಯ ವ್ಯತ್ಯಾಸವೇ ಬ್ಯಾಟರಿಯ ಮುಪ್ಪಿನಂತೆ ಕಾಣಬಹುದು. ಆದರೆ ಬಿಸಿ ಒಳ್ಳೆಯದೆಂದು ಭಾವಿಸುವಂತಿಲ್ಲ. ಉಷ್ಣತೆ 10 ಡಿಗ್ರಿ ಏರಿದರೆ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದು ಈ ಕ್ಷೇತ್ರದ ಸ್ಥೂಲ ನಿಯಮ.

ಇತ್ತೀಚಿನ ವರ್ಷಗಳಲ್ಲಿ ಬಳಕೆಗೆ ಬಂದಿರುವ ಲಿಥಿಯಂ ಬ್ಯಾಟರಿಗಳಲ್ಲಿ ಘಾತವು 1ಕ್ಕೆ ಬಹಳ ಹತ್ತಿರವಿರುತ್ತದೆ. ಸಾಧಾರಣ ಭಾಗಾಕಾರ ಬಹುಮಟ್ಟಿಗೆ ಸಾಕಾಗುತ್ತದೆ. ಆದರೆ ಲಿಥಿಯಂ ಐರನ್ ಫಾಸ್ಫೇಟ್ ಮಾದರಿಯಲ್ಲಿ ವೋಲ್ಟೇಜ್ ಬಹುಪಾಲು ಸಮಯ ಸಮತಟ್ಟಾಗಿರುವುದರಿಂದ ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಎಂದು ಹೇಳುವುದು ಇನ್ನೂ ಕಷ್ಟ. ಅಲ್ಲಿ ಹರಿದ ಪ್ರವಾಹವನ್ನು ಕ್ಷಣಕ್ಷಣಕ್ಕೂ ಎಣಿಸುವ ಸಾಧನವೇ ಆಧಾರ.

ಕೊಳ್ಳುವವರಿಗೂ ಮಾರುವವರಿಗೂ

ಹೊಸ ಬ್ಯಾಟರಿ ಕೊಳ್ಳುವಾಗಲೂ ಇದೇ ಪಟ್ಟಿಯನ್ನು ಹಿಂದುಮುಂದಾಗಿ ಬಳಸಬಹುದು. 30 ಆಂಪಿಯರ್ ಹೊರೆ 3 ಗಂಟೆ ನಡೆಯಬೇಕೆಂದರೆ ಬೇಕಾದದ್ದು 90 ಆಂಪಿಯರ್-ಅವರ್. ಘಾತ 1.25 ಎಂದು ಹಿಡಿದರೆ 3 ಗಂಟೆಗೆ ಪಟ್ಟಿಯ ಅಂಕಿ 68. ಆದ್ದರಿಂದ ಸಿ20 ಲೆಕ್ಕದಲ್ಲಿ 132 ಬೇಕು. ಬ್ಯಾಟರಿಯು ಶೇಕಡಾ 80ಕ್ಕೆ ಇಳಿದ ಮೇಲೂ ಅಷ್ಟೇ ಸಮಯ ನಡೆಯಬೇಕಾದರೆ 165 ಬೇಕು. ಮಾರುಕಟ್ಟೆಯಲ್ಲಿ ದೊರೆಯುವ 180ರ ಬ್ಯಾಟರಿಯೇ ತಕ್ಕದ್ದು. 100ರ ಬ್ಯಾಟರಿ ಸಾಕೆಂದು ತಂದವರು ಪ್ರತಿದಿನ ಅದನ್ನು ಬರಿದು ಮಾಡಿ, ಬೇಗನೆ ಮತ್ತೊಂದನ್ನು ಕೊಳ್ಳಬೇಕಾಗುತ್ತದೆ.

ಬ್ಯಾಟರಿ ಮಾರುವ ವರ್ತಕರಿಗೂ ಈ ಲೆಕ್ಕ ಹಿತಕರ. ಗ್ರಾಹಕರ ಹೊರೆಯನ್ನು ಕೇಳಿ, ಎಷ್ಟು ಗಂಟೆ ನಡೆಯುತ್ತದೆಂಬುದನ್ನು ಮೊದಲೇ ಬರೆದುಕೊಟ್ಟರೆ ಖಾತರಿಯ ಅವಧಿಯಲ್ಲಿ ಬರುವ ಎಷ್ಟೋ ತಕರಾರುಗಳು ಹುಟ್ಟುವುದೇ ಇಲ್ಲ. ಕೊಳ್ಳುವವರು ಬಿಲ್ಲಿನೊಂದಿಗೆ ಮೂರು ವಿವರಗಳನ್ನು ಕೇಳಿ ಪಡೆಯಬೇಕು: ಅಂಕಿಯು ಸಿ20 ಲೆಕ್ಕದ್ದೇ ಅಥವಾ ಸಿ10 ಲೆಕ್ಕದ್ದೇ, ಕೊನೆಯ ವೋಲ್ಟೇಜ್ ಎಷ್ಟು, ಪೂರ್ಣ ಚಾರ್ಜಿನ ಗ್ರಾವಿಟಿ ಎಷ್ಟು.

ಬ್ಯಾಟರಿಯು ನಿಜವಾಗಿಯೂ ಆಯುಷ್ಯ ಮುಗಿಸಿದ್ದರೆ ಅದನ್ನು ಕಂಡಕಂಡಲ್ಲಿ ಎಸೆಯುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳು ನೋಂದಾಯಿತ ಮರುಬಳಕೆ ಘಟಕಗಳನ್ನು ತಲುಪಬೇಕೆಂದು ವಿಧಿಸುತ್ತವೆ. ಹಳೆಯ ಬ್ಯಾಟರಿಯ ಸೀಸಕ್ಕೆ ಒಳ್ಳೆಯ ಬೆಲೆಯಿರುವುದರಿಂದ ಅದನ್ನು ಹಿಂದಕ್ಕೆ ಪಡೆಯಲು ಉತ್ಸುಕರಾದವರಿಗೆ ಕೊರತೆಯಿಲ್ಲ. ಒಳ್ಳೆಯ ಬ್ಯಾಟರಿಯನ್ನೇ ಹಳೆಯದೆಂದು ಕೊಟ್ಟುಬಿಡುವ ಅಪಾಯ ಇರುವುದೂ ಅದರಿಂದಲೇ.

ಲೆಕ್ಕಪತ್ರದ ಪುಸ್ತಕವಿಲ್ಲದೆ ಯಾವ ವರ್ತಕನೂ ವ್ಯಾಪಾರ ನಡೆಸುವುದಿಲ್ಲ. ಬ್ಯಾಟರಿಗೂ ಒಂದು ಪುಟ ಮೀಸಲಿಟ್ಟು, ಕೊಂಡ ದಿನಾಂಕ, ಮೊದಲ ಪರೀಕ್ಷೆಯ ಎರಡು ಪ್ರವಾಹಗಳು, ಎರಡು ಸಮಯಗಳು ಮತ್ತು ಅಂದಿನ ಉಷ್ಣತೆಯನ್ನು ಬರೆದಿಟ್ಟರೆ, ಮುಂದಿನ ಪ್ರತಿ ನಿರ್ಧಾರಕ್ಕೂ ಆ ಪುಟವೇ ಸಾಕ್ಷಿಯಾಗುತ್ತದೆ.